ಎದೆನೋವಿಗೆ ಎಲ್ಲರಿಗೂ ಒಂದೇ ದಾರಿ, ಬಿಪಿ–ಶುಗರ್‌ಗೆ ನಿಮ್ಮದೇ ಲೆಕ್ಕ

2025ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಹಾಸನ ಜಿಲ್ಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹೃದಯಾಘಾತದಿಂದ ಸತ್ತವರ ಸುದ್ದಿ, ಅದರಲ್ಲೂ ಚಿಕ್ಕ ವಯಸ್ಸಿನವರ ಸುದ್ದಿ, ದಿನ ಬೆಳಗಾದರೆ ಟೀವಿಯಲ್ಲಿ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಎದೆನೋವೇ ಇಲ್ಲದವರೂ ‘ಒಂದ್ಸಲ ಚೆಕ್ ಮಾಡಿಸ್ಕೊಂಡು ಬಿಡೋಣ’ ಎಂದು ಬಂದಿದ್ದರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಜುಲೈನಲ್ಲಿ ಬಂದ ವರದಿ 24 ಸಾವುಗಳನ್ನು ಒಂದೊಂದಾಗಿ ನೋಡಿತ್ತು. ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ 20ರಲ್ಲಿ ಹೊಸ ರೋಗವೇನೂ ಸಿಗಲಿಲ್ಲ, ಕೋವಿಡ್ ಲಸಿಕೆಯ ನಂಟೂ ಕಾಣಲಿಲ್ಲ. ಕಂಡದ್ದೆಲ್ಲ ಹಳೆಯ ಕಾರಣಗಳೇ: ಬಿಪಿ, ಶುಗರ್, ತಂಬಾಕು, ಮದ್ಯ, ಮನೆತನದಲ್ಲಿ ಬಂದ ಹೃದ್ರೋಗ.

ಆ ಗಾಬರಿಯಲ್ಲಿ ಒಂದು ವಿಚಿತ್ರ ಎದ್ದು ಕಾಣುತ್ತಿತ್ತು. ಯಾವ ತೊಂದರೆಯೂ ಇಲ್ಲದ ಮೂವತ್ತರ ಹುಡುಗನಿಂದ ಎಪ್ಪತ್ತರ ಅಜ್ಜಿಯವರೆಗೆ ಎಲ್ಲರೂ ಒಂದೇ ಪರೀಕ್ಷೆ ಕೇಳುತ್ತಿದ್ದರು. ನಿಜವಾಗಿ ಎದೆ ಹಿಡಿದುಕೊಂಡವರು ಮಾತ್ರ ‘ನಂದು ಗ್ಯಾಸ್ಟ್ರಿಕ್ ಇರಬೇಕು, ನಂಗೆ ಯಾವಾಗ್ಲೂ ಹಿಂಗೇ’ ಎಂದು ಓಮದ ನೀರು ಕುಡಿದು ಮಲಗುವುದು ಆಗಲೂ ಇತ್ತು, ಈಗಲೂ ಇದೆ. ಎಲ್ಲರಿಗೂ ಒಂದೇ ನಿಯಮ ಬೇಕಾದ ಕಡೆ ನಾವು ನಮ್ಮದೇ ವಿನಾಯಿತಿ ಮಾಡಿಕೊಳ್ಳುತ್ತೇವೆ. ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ನೋಡಬೇಕಾದ ಕಡೆ ಎಲ್ಲರಿಗೂ ಒಂದೇ ಮಾತ್ರೆ, ಒಂದೇ ಟೆಸ್ಟ್ ಬೇಕೆನ್ನುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಇದನ್ನು ತಿರುಗುಮುರುಗು ಮಾಡುವುದು ಹೇಗೆ ಎಂಬುದೇ ಈ ಲೇಖನ.

ಆ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡವರಿಗೆ ಮೊದಲು ಒಂದು ಮಾತು. ನೋವಿಲ್ಲದಾಗ ತೆಗೆದ ಇಸಿಜಿ ನಾರ್ಮಲ್ ಬಂದರೆ ರಕ್ತನಾಳದಲ್ಲಿ ಬ್ಲಾಕ್ ಇಲ್ಲ ಎಂದು ಅರ್ಥವಲ್ಲ. ಅರ್ಧ ಮುಚ್ಚಿದ ನಾಳವಿದ್ದರೂ ಆ ಕ್ಷಣದ ಇಸಿಜಿ ಸರಿಯಾಗಿಯೇ ಬರಬಹುದು. ಹಾಗೆಂದು ಆ ಕಾಗದವನ್ನು ಎಸೆಯಬೇಡಿ. ಮೊಬೈಲಿನಲ್ಲಿ ಅದರ ಫೋಟೊ ಇಟ್ಟುಕೊಳ್ಳಿ. ಮುಂದೆಂದಾದರೂ ಎದೆನೋವು ಬಂದು ಹೊಸ ಇಸಿಜಿ ತೆಗೆದಾಗ ‘ಈ ಬದಲಾವಣೆ ಮೊದಲೇ ಇತ್ತೇ, ಈಗ ಬಂದದ್ದೇ’ ಎಂದು ವೈದ್ಯರು ಹೋಲಿಸಿ ನೋಡುವುದು ಹಳೆಯದರ ಜೊತೆಗೇ.

ಮಾರ್ಗಸೂಚಿ ಎಲ್ಲಿಂದ ಬರುತ್ತದೆ

ವೈದ್ಯರು ‘ಗೈಡ್‌ಲೈನ್ ಪ್ರಕಾರ’ ಎಂದಾಗ ಅದು ಮೇಲಿನಿಂದ ಬಂದ ಸರ್ಕಾರಿ ಆದೇಶ ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಸಾವಿರಾರು ರೋಗಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ, ‘ಇಂಥವರಿಗೆ ಇಂಥದ್ದು ಮಾಡಿದರೆ ಒಳ್ಳೆಯದಾಗುವ ಸಾಧ್ಯತೆ ಹೆಚ್ಚು’ ಎಂದು ತಜ್ಞರ ಸಂಘಗಳು ಬರೆದಿಟ್ಟದ್ದು ಅದು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2019ರಿಂದ ಒಂದೊಂದು ಕಾಯಿಲೆಗೆ ಒಂದೊಂದು ಹಾಳೆಯಂತೆ, ಗೋಡೆಗೆ ಅಂಟಿಸಿಕೊಳ್ಳಬಹುದಾದ ಚಿಕಿತ್ಸಾ ಕ್ರಮಗಳನ್ನು ಹೊರತಂದಿದೆ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದು ದೊಡ್ಡ ಆಸರೆ.

ಪ್ರತಿ ಸಲಹೆಯ ಪಕ್ಕದಲ್ಲಿ ಅದಕ್ಕಿರುವ ಪುರಾವೆಯ ತೂಕವನ್ನೂ ಬರೆದಿರುತ್ತಾರೆ. ಹಲವು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದದ್ದಕ್ಕೆ ‘ಎ’, ತಜ್ಞರ ಅನುಭವದ ಮೇಲೆ ನಿಂತದ್ದಕ್ಕೆ ‘ಸಿ’. ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿಗಳಲ್ಲಿದ್ದ 2,711 ಸಲಹೆಗಳನ್ನು 2009ರಲ್ಲಿ ಎಣಿಸಿ ನೋಡಿದಾಗ ‘ಎ’ ದರ್ಜೆಯವು ಶೇ 11ರಷ್ಟು ಮಾತ್ರ. ಹತ್ತಿರಹತ್ತಿರ ಅರ್ಧದಷ್ಟು ‘ಸಿ’. ಇದನ್ನು ಓದಿ ‘ಹಾಗಾದ್ರೆ ಎಲ್ಲಾ ಬೊಗಳೆ’ ಎನ್ನುವವರಿಗೆ ವಾಟ್ಸ್‌ಆ್ಯಪ್ ವಿಶ್ವವಿದ್ಯಾಲಯದಲ್ಲಿ ಸೀಟು ಖಾಲಿ ಇದೆ. ಇದರಿಂದ ತಿಳಿಯಬೇಕಾದದ್ದು ಬೇರೆ: ಎಲ್ಲ ಸಲಹೆಗಳ ಬಿಗಿ ಒಂದೇ ಅಲ್ಲ. ಪುರಾವೆ ಗಟ್ಟಿಯಿದ್ದು ಸಮಯ ಕಡಿಮೆ ಇರುವಲ್ಲಿ ಚೌಕಾಸಿ ಸಲ್ಲದು. ಪುರಾವೆ ತೆಳುವಾಗಿದ್ದು, ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದಾದರೆ ನಿಮ್ಮ ಬದುಕಿನ ವಿವರಕ್ಕೆ ಅಲ್ಲಿ ಜಾಗವಿದೆ.

ಗಡಿಯಾರ ಓಡುತ್ತಿರುವಾಗ

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು. ಇದು ಹೃದಯಾಘಾತದ ಎಲ್ಲರಿಗೂ ಗೊತ್ತಿರುವ ಚಿತ್ರ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಮೇಲುಹೊಟ್ಟೆಯ ಸಂಕಟ, ಏದುಸಿರು ಮಾತ್ರ ಬರಬಹುದು. ಆಸ್ಪತ್ರೆಗೆ ಕಾಲಿಟ್ಟ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನೆಲ್ಲೆಡೆ ಒಂದೇ ನಿಯಮ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಡಿ. ನೇರ ತುರ್ತು ಚಿಕಿತ್ಸಾ ಕೊಠಡಿಗೆ ಹೋಗಿ ‘ಎದೆನೋವು, ಇಸಿಜಿ ಮಾಡಿ’ ಎಂದಷ್ಟೇ ಹೇಳಿ. ಮೊದಲ ಇಸಿಜಿ ಸರಿಯಿದ್ದು ನೋವು ಹಾಗೇ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೆಯಬೇಕು. ಅದನ್ನು ಕೇಳಲು ಸಂಕೋಚ ಬೇಡ.

ನಮ್ಮ ಕಡೆಯವರು ಎಡವುವುದು ದೂರದ ಲೆಕ್ಕದಲ್ಲಿ. ರಕ್ತನಾಳ ಪೂರ್ತಿ ಮುಚ್ಚಿದ ಹೃದಯಾಘಾತಕ್ಕೆ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ ಆಂಜಿಯೊಪ್ಲಾಸ್ಟಿ. ಅದು ಎರಡು ಗಂಟೆಯೊಳಗೆ ಸಿಗುವಂತಿದ್ದರೆ ಮಾತ್ರ. ಸಿಗುವುದಿಲ್ಲ ಎಂದಾದರೆ ಇರುವ ಜಾಗದಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಅರಕಲಗೂಡಿನಲ್ಲೋ ಕೊಣನೂರಿನಲ್ಲೋ ಮಧ್ಯರಾತ್ರಿ ಎದೆನೋವು ಬಂದರೆ ‘ಇಲ್ಲೆಲ್ಲ ಏನೂ ಆಗಲ್ಲ, ಸೀದಾ ಮೈಸೂರಿಗೇ ಹೊಡಿ’ ಎನ್ನುವ ಅಣ್ಣತಮ್ಮಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಕಾರು ಹೊಂದಿಸಿ, ದುಡ್ಡು ಹೊಂದಿಸಿ, ಮೈಸೂರು ಮುಟ್ಟಿ, ಅಲ್ಲಿ ಆಂಜಿಯೊಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಮೇಜಿನ ಮೇಲೆ ಮಲಗುವ ಹೊತ್ತಿಗೆ ಎರಡು ಗಂಟೆ ದಾಟಿರುತ್ತದೆ. ಚನ್ನರಾಯಪಟ್ಟಣದಿಂದ ಬೆಂಗಳೂರಿಗೂ ಅಷ್ಟೇ, ಹೆದ್ದಾರಿ ಎಷ್ಟೇ ಚೆನ್ನಾಗಿದ್ದರೂ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸದೆ ದಾಟಿ ಹೋಗುವುದು ಪ್ರೀತಿಯಿಂದ ಮಾಡುವ ತಪ್ಪು.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಹುಟ್ಟಿದ್ದೇ ಈ ಕಾರಣಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರದ ತಜ್ಞರಿಗೆ ಕೂಡಲೇ ತಲುಪುತ್ತದೆ. ಅವರು ಹೌದೆಂದರೆ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ಆಗುವ ಔಷಧ ಇದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಈಗ ಸಿಗುತ್ತದೆಯೇ, ಹತ್ತಿರದಲ್ಲಿ ರಾತ್ರಿಯೂ ನಡೆಯುವ ಕ್ಯಾಥ್‌ಲ್ಯಾಬ್ ಎಲ್ಲಿದೆ, ಈ ಎರಡನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ. 108 ಆಂಬುಲೆನ್ಸ್‌ಗೆ ಕರೆ ಮಾಡುವುದು ಸ್ವಂತ ಕಾರಿಗಿಂತ ಮೇಲು. ದಾರಿಯಲ್ಲಿ ಹೃದಯ ನಿಂತರೆ ಕಾರು ಓಡಿಸುವ ಮಗ ಏನೂ ಮಾಡಲಾರ.

ಸಮಯ ಎಲ್ಲಿ ಸೋರುತ್ತದೆ ಎಂಬುದಕ್ಕೆ ನಮ್ಮವರೇ ಮಾಡಿದ ದೊಡ್ಡ ಅಧ್ಯಯನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಜೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಹೃದಯಾಘಾತ ಅಥವಾ ಅದಕ್ಕೆ ಹತ್ತಿರದ ತೀವ್ರ ಎದೆನೋವಿನ 20,468 ರೋಗಿಗಳ ವಿವರ ಸೇರಿಸಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಕ್ರಿಯೇಟ್’ ಎಂದೇ ಅದು ಹೆಸರುವಾಸಿ. ರಕ್ತನಾಳ ಪೂರ್ತಿ ಮುಚ್ಚಿದ ರೋಗಿಗಳು ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ತೆಗೆದುಕೊಂಡದ್ದು ಸರಿಸುಮಾರು 360 ನಿಮಿಷ, ಅಂದರೆ ಆರು ಗಂಟೆ. ಒಳಗೆ ಬಂದ ಮೇಲೆ ಇಂಜೆಕ್ಷನ್‌ಗೆ ಹಿಡಿದದ್ದು 50 ನಿಮಿಷ. ಅದೇ ಅಧ್ಯಯನ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು: ಬಡವರಿಗೆ ಪುಸ್ತಕದಲ್ಲಿರುವ ಚಿಕಿತ್ಸೆ ಶ್ರೀಮಂತರಿಗಿಂತ ಕಡಿಮೆ ಸಿಕ್ಕಿತ್ತು, 30 ದಿನಗಳೊಳಗೆ ಸತ್ತವರ ಪ್ರಮಾಣ ಅವರಲ್ಲಿ ಶೇ 8.2 ಇದ್ದರೆ ಉಳ್ಳವರಲ್ಲಿ ಶೇ 5.5. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ತುರ್ತಿನಲ್ಲಿ ‘ಇವರ ಪರಿಸ್ಥಿತಿ ನೋಡಿ’ ಎಂಬ ಕನಿಕರ ಕೆಲವೊಮ್ಮೆ ಇವರ ಜೇಬು ನೋಡಿ ಎಂದೇ ಆಗಿಬಿಡುತ್ತದೆ.

ಇಷ್ಟು ಬಿಗಿಯಾದ ನಿಯಮದೊಳಗೂ ಮನುಷ್ಯರು ಬೇರೆ ಬೇರೆ ಎಂಬುದಕ್ಕೆ ಜಾಗವಿದೆ. ಮಂಚದ ಮೇಲೆ ಮಲಗಿಸಿ ವೈರು ಹಾಕುತ್ತಲೇ ನರ್ಸ್ ಕೇಳುತ್ತಾರೆ: ‘ಎಷ್ಟು ಕೇಜಿ ಇದಾರೆ ಇವ್ರು?’ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಡಿಕೆ, ತೆಂಗಿನಕಾಯಿ ತೂಗುವ ಮನೆಯಲ್ಲಿ ಅಪ್ಪನ ತೂಕ ಯಾರಿಗೂ ಗೊತ್ತಿರುವುದಿಲ್ಲ. ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಟೆನೆಕ್ಟೆಪ್ಲೇಸ್ 60 ಕೆ.ಜಿ. ಒಳಗಿನವರಿಗೆ 30 ಮಿಲಿಗ್ರಾಂ. ಅಲ್ಲಿಂದ ಮೇಲೆ ಹತ್ತು ಕೆ.ಜಿ.ಗೆ ಐದರಂತೆ ಏರಿ, 90 ದಾಟಿದವರಿಗೆ 50. ವಯಸ್ಸು 75 ದಾಟಿದ್ದರೆ ಅದರಲ್ಲಿ ಅರ್ಧ. ಈ ‘ಅರ್ಧ’ ಬಂದದ್ದು ‘ಸ್ಟ್ರೀಮ್’ ಎಂಬ ಅಧ್ಯಯನದಿಂದ. ಅದು ನಡೆಯುತ್ತಿರುವಾಗಲೇ ಮುದುಕರಲ್ಲಿ ಮಿದುಳಿನ ರಕ್ತಸ್ರಾವ ಹೆಚ್ಚಾಗಿ ಕಂಡು, ನಡುವೆಯೇ ಅವರ ಡೋಸ್ ಇಳಿಸಿದರು. ಹಾಗಾಗಿ ಬಾಗಿಲಲ್ಲೇ ಹೇಳಬೇಕಾದವು ಇವು: ವಯಸ್ಸು, ತೂಕ, ನೋವು ಶುರುವಾದ ಹೊತ್ತು, ಹಿಂದೆ ಲಕ್ವ ಹೊಡೆದಿತ್ತೇ, ತಲೆಗೆ ಪೆಟ್ಟಾಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ಮಲ ಕಪ್ಪಗೆ ಹೋಗುತ್ತಿದೆಯೇ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆಯೇ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ದಾರಿ ಬದಲಾಗಬಹುದು.

ಎದೆನೋವು ಎಂದ ಕೂಡಲೇ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಮಾತ್ರೆ ಇಡುವ ಅಭ್ಯಾಸದ ಬಗ್ಗೆ ಎಚ್ಚರ. ಪಕ್ಕದ ಮನೆಯವರ ಮಾತ್ರೆ ತಂದು ಇಟ್ಟುಬಿಡುತ್ತಾರೆ. ಬಿಪಿ ಆಗಲೇ ಕುಸಿದಿದ್ದರೆ, ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ, ಹಿಂದಿನ ದಿನ ವಯಾಗ್ರ ಜಾತಿಯ ಮಾತ್ರೆ ತೆಗೆದುಕೊಂಡಿದ್ದರೆ ಅದು ಅಪಾಯ ತರುತ್ತದೆ. ಈ ಮೂರನೆಯದನ್ನು ಹೆಂಡತಿ ಮಕ್ಕಳ ಮುಂದೆ ಯಾರೂ ಹೇಳುವುದಿಲ್ಲ. ವೈದ್ಯರ ಕಿವಿಯಲ್ಲಾದರೂ ಹೇಳಬೇಕು.

ಇಂಜೆಕ್ಷನ್ ಆಗಿ ನೋವು ಹೋದ ಕೂಡಲೇ ‘ಆರಾಮಾದ್ರು ಸಾ, ಮನೆಗೆ ಕರ್ಕೊಂಡ್ ಹೋಗ್ತೀವಿ’ ಎನ್ನುವುದು ಇನ್ನೊಂದು ತಪ್ಪು. ಹೆಪ್ಪು ಕರಗಿದೆ, ಕಿರಿದಾದ ನಾಳ ಹಾಗೇ ಇದೆ. ಎರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಆಂಜಿಯೊಗ್ರಾಂ ಆಗಬೇಕು ಎಂಬುದೂ ಅದೇ ನಿಯಮದ ಉಳಿದರ್ಧ.

ವರ್ಷಗಟ್ಟಲೆ ನಡೆಯುವ ಚಿಕಿತ್ಸೆ

ಬಿಪಿ, ಶುಗರ್‌ಗೆ ಬಂದರೆ ಮಾತೇ ಬೇರೆ. ಇಲ್ಲಿ ಗಡಿಯಾರ ಓಡುವುದಿಲ್ಲ, ಕ್ಯಾಲೆಂಡರ್ ತಿರುಗುತ್ತದೆ.

ಬಿಪಿ ಎಷ್ಟಕ್ಕೆ ಇಳಿಯಬೇಕು ಎಂಬುದರಲ್ಲೇ ದೊಡ್ಡ ದೊಡ್ಡ ಸಂಘಗಳಿಗೆ ಒಮ್ಮತವಿಲ್ಲ. ಅಮೆರಿಕದವರು 2017ರಲ್ಲಿ ಗುರಿಯನ್ನು 130/80ಕ್ಕೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೆಚ್ಚಿನವರಿಗೆ 140/90ರ ಒಳಗೆ ಸಾಕು, ಹೃದ್ರೋಗ ಆಗಲೇ ಇದ್ದವರಿಗೆ ಮೇಲಿನ ಸಂಖ್ಯೆ 130ರ ಒಳಗಿರಲಿ ಎಂದಿತು. ಅಮೆರಿಕದವರಿಗೆ ಧೈರ್ಯ ಕೊಟ್ಟದ್ದು 2015ರ ‘ಸ್ಪ್ರಿಂಟ್’ ಅಧ್ಯಯನ. ಮೇಲಿನ ಸಂಖ್ಯೆಯನ್ನು 120ರ ಒಳಗೆ ತಂದವರಲ್ಲಿ ಹೃದಯದ ದೊಡ್ಡ ತೊಂದರೆಗಳು, ಸಾವು ಎರಡೂ ಕಡಿಮೆಯಾದವು. ಆದರೆ ತಲೆಸುತ್ತಿ ಬೀಳುವುದು, ಕಿಡ್ನಿಗೆ ಏಟಾಗುವುದು ಅವರಲ್ಲೇ ಹೆಚ್ಚು. ಅದಕ್ಕಿಂತ ಮುಖ್ಯ: ಶುಗರ್ ಇದ್ದವರನ್ನೂ ಮೊದಲೇ ಲಕ್ವ ಹೊಡೆದವರನ್ನೂ ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ನಮ್ಮೂರಿನ ಬಿಪಿ ರೋಗಿಗಳಲ್ಲಿ ಎಷ್ಟೋ ಮಂದಿಗೆ ಶುಗರ್ ಕೂಡ ಜೊತೆಗೇ ಇರುತ್ತದೆ. ಅವರಿಗೆ ‘ಸ್ಪ್ರಿಂಟ್’ ನೇರ ಉತ್ತರ ಕೊಡುವುದಿಲ್ಲ. ಎಂಬತ್ತು ದಾಟಿದವರಿಗಾಗಿಯೇ ಮಾಡಿದ ‘ಹೈವೆಟ್’ ಅಧ್ಯಯನದಲ್ಲಿ (2008) ಗುರಿ ಇದ್ದದ್ದು 150/80. ಅಷ್ಟಕ್ಕೇ ಒಳ್ಳೆಯ ಫಲ ಬಂತು.

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅದೇ ಅಮ್ಲೊಡಿಪಿನ್, ಅದೇ ಟೆಲ್ಮಿಸಾರ್ಟನ್ ಕೊಡುತ್ತಾರೆಂದು ಗೊಣಗುವುದು ಸಾಮಾನ್ಯ. ಇದರಲ್ಲಿ ನಾನು ಸರ್ಕಾರದ ಕಡೆ. ದೇಶದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಬೇಕೆಂದೇ ಕೆಲವೇ ಔಷಧಗಳ ಮೆಟ್ಟಿಲು ಕಟ್ಟಿದೆ: ಒಂದರಿಂದ ಶುರು, ಇಳಿಯದಿದ್ದರೆ ಇನ್ನೊಂದು ಸೇರಿಸು, ಆಮೇಲೆ ಡೋಸ್ ಏರಿಸು. ಅಗ್ಗ, ಸದಾ ಸಿಗುತ್ತದೆ, ನರ್ಸ್ ಕೂಡ ನೆನಪಿಡಬಹುದು. ಹೆಚ್ಚಿನವರಿಗೆ ಅಷ್ಟು ಸಾಕು. ನೀವು ಆ ಹೆಚ್ಚಿನವರ ಪೈಕಿಯೇ ಅಲ್ಲವೇ ಎಂಬುದನ್ನು ಹೇಳುವ ವಿವರಗಳು ಮಾತ್ರ ನಿಮ್ಮ ಬಳಿಯೇ ಇವೆ, ಹೇಳದಿದ್ದರೆ ವೈದ್ಯರಿಗೆ ತಿಳಿಯುವ ದಾರಿ ಇಲ್ಲ.

ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆ ಇರುವುದರಿಂದ ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆಯುವವರು ಬಹಳ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ರೈತನಿಗೆ ಬಿಪಿಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರೆ, ಬೆವರಿನ ಜೊತೆ ಉಪ್ಪೂ ಹೋಗಿ ತಲೆ ತಿರುಗಬಹುದು. ಒದ್ದೆ ಸೊಪ್ಪು ಬರಿಗೈಲಿ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ವಾಕರಿಕೆ, ಎದೆ ಡವಗುಟ್ಟುವುದು ಬರುತ್ತದೆ. ‘ನಾನು ಬೀಡಿ ಸೇದಲ್ಲ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಆಲೂಗಡ್ಡೆ ಬಿತ್ತನೆ, ಶುಂಠಿ ಕೀಳುವ ಕಾಲದಲ್ಲಿ ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆಯ ವಿಷಯವೂ ಹಾಗೇ. ಡೈಕ್ಲೊಫೆನಾಕ್ ಜಾತಿಯವು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಸೇರಿ ಕಿಡ್ನಿಗೆ ತೊಂದರೆ ಕೊಡುತ್ತವೆ. ಬಿಪಿ ಇಳಿಯುತ್ತಿಲ್ಲ ಎಂದು ಮೂರನೇ ಮಾತ್ರೆ ಬರೆಯುವ ಮುಂಚೆ ಆ ನೋವಿನ ಮಾತ್ರೆ ಬಿಡಿಸಿದ್ದರೆ ಸಾಕಾಗುತ್ತಿತ್ತೋ ಏನೋ.

ವಯಸ್ಸಾದವರ ವಿಷಯದಲ್ಲಿ ಒಂದು ಕೋರಿಕೆ ಇಡಿ: ಕೂತಾಗ ನೋಡಿದ ಬಿಪಿಯನ್ನು ನಿಲ್ಲಿಸಿಯೂ ನೋಡಿ ಎಂದು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆಯ ಲೆಕ್ಕ ಬದಲಾಗಬೇಕು. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೆ 120/70 ಬಂದು ಏನು ಪ್ರಯೋಜನ?

ಶುಗರ್‌ನಲ್ಲಿ ಎಲ್ಲರಿಗೂ ಒಂದೇ ಗುರಿ ಎಂಬುದು ಹೇಗೆ ಮಗುಚಿತು ಎಂಬ ಕತೆ ತಿಳಿದಿರಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನು 6ರ ಒಳಗೆ ತಂದರೆ ಹೃದಯ ಉಳಿಯುತ್ತದೆ ಎಂದು ಅಮೆರಿಕ, ಕೆನಡಾಗಳಲ್ಲಿ 10,251 ಮಂದಿಯನ್ನು ಸೇರಿಸಿ ‘ಅಕಾರ್ಡ್’ ಅಧ್ಯಯನ ಶುರುಮಾಡಿದರು. 2008ರ ಫೆಬ್ರುವರಿಯಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ 257 ಸಾವು, ಸಾಧಾರಣ ಗುಂಪಿನಲ್ಲಿ 203. 2012ರ ಹೊತ್ತಿಗೆ ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು ಒಟ್ಟಾಗಿ, ಗುರಿ ರೋಗಿಯನ್ನು ನೋಡಿ ಇರಲಿ ಎಂದು ಬರೆದವು. ಚಿಕ್ಕ ವಯಸ್ಸಿನ, ಬೇರೆ ಕಾಯಿಲೆ ಇಲ್ಲದವರಿಗೆ 7ರ ಒಳಗೆ, ಇನ್ನೂ ಕಡಿಮೆಯೂ ಆಗಬಹುದು. ಒಂಟಿಯಾಗಿರುವ, ಕಣ್ಣು ಮಂಜಾದ, ಹಿಂದೆ ಒಮ್ಮೆ ಶುಗರ್ ಇಳಿದು ಪ್ರಜ್ಞೆ ತಪ್ಪಿದ್ದ ಹಿರಿಯರಿಗೆ 8ರ ಆಸುಪಾಸು ಇದ್ದರೂ ಸರಿ. ಇದು ಸಡಿಲ ಬಿಟ್ಟದ್ದಲ್ಲ, ಮಾರ್ಗಸೂಚಿಯೇ ಈಗ ಹೀಗೆ ಹೇಳುತ್ತದೆ.

ಶ್ರವಣಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬ ವ್ರತ ಪಾಲಿಸುವವರಿದ್ದಾರೆ. ಸಂಜೆ ಆರಕ್ಕೆ ಊಟ ಮುಗಿದರೆ ಮರುದಿನ ಬೆಳಗಿನವರೆಗೆ ಹನ್ನೆರಡು ಗಂಟೆ ಉಪವಾಸ. ಚೀಟಿಯಲ್ಲಿ ‘ರಾತ್ರಿ ಊಟಕ್ಕೆ ಮುಂಚೆ’ ಎಂದಿರುತ್ತದೆ. ಅದನ್ನು ಒಂಬತ್ತಕ್ಕೆ ತೆಗೆದುಕೊಳ್ಳಬೇಕೆಂದು ಭಾವಿಸಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿದರೆ ಅಥವಾ ಇನ್ಸುಲಿನ್ ಚುಚ್ಚಿಕೊಂಡರೆ ನಡುರಾತ್ರಿ ಶುಗರ್ ಪಾತಾಳಕ್ಕೆ ಇಳಿಯಬಹುದು. ವ್ರತವನ್ನೂ ಬಿಡಬೇಕಿಲ್ಲ, ಚಿಕಿತ್ಸೆಯನ್ನೂ ಬಿಡಬೇಕಿಲ್ಲ. ಶುಗರನ್ನು ತೀರಾ ಇಳಿಸದ ಬೇರೆ ಜಾತಿಯ ಮಾತ್ರೆಗಳಿವೆ, ಹೊತ್ತನ್ನೂ ಬದಲಿಸಬಹುದು. ವೈದ್ಯರಿಗೆ ನೀವು ಎಷ್ಟೊತ್ತಿಗೆ ಉಣ್ಣುತ್ತೀರಿ ಎಂದು ಮೊದಲು ಗೊತ್ತಾಗಬೇಕು. ಕಾಲಿನ ಸ್ಪರ್ಶ ಮಂದವಾದವರು ಬಿಸಿಲಲ್ಲಿ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ವಿಂಧ್ಯಗಿರಿ ಹತ್ತುವ ಮುಂಚೆಯೂ ಒಂದು ಮಾತು ಕೇಳಿ. ಬೊಬ್ಬೆ ಬಂದದ್ದೂ ತಿಳಿಯದೆ ಕಾಲಿಗೆ ಗಾಯ ಮಾಡಿಕೊಂಡು ಬರುವುದು ಸುಲಭ. ಬೆಟ್ಟ ಹತ್ತುವಾಗ ಎದೆ ಹಿಡಿಯುತ್ತದೆ, ನಿಂತರೆ ಹೋಗುತ್ತದೆ ಎಂದರೆ ಅದನ್ನೂ ತಪ್ಪದೆ ಹೇಳಿ. ಸುಮ್ಮನೆ ಮಲಗಿಸಿ ತೆಗೆದ ಹತ್ತು ಇಸಿಜಿಗಿಂತ ಆ ಒಂದು ವಾಕ್ಯ ವೈದ್ಯರಿಗೆ ಹೆಚ್ಚು ಉಪಯೋಗ.

ಊಟದ ವಿಷಯದಲ್ಲಿ ಅಚ್ಚು ಹಾಕಿದ ಡಯಟ್ ಚಾರ್ಟ್‌ಗಳದ್ದೇ ಒಂದು ಕತೆ. ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆ ಎಂದಿರುವ ಹಾಳೆಯನ್ನು ಹೊಳೆನರಸೀಪುರದ ಸಂತೆಯಿಂದ ಬಂದ ಅಮ್ಮನ ಕೈಗೆ ಕೊಟ್ಟರೆ ಅದು ಡಬ್ಬದ ತಳಕ್ಕೆ ಹಾಕಲು ಸರಿಹೋಗುತ್ತದೆ. ಇತ್ತ ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಎಂಬ ನಮ್ಮವರ ನಂಬಿಕೆಯೂ ನಿಜವಲ್ಲ. ನುಣ್ಣಗೆ ಬೀಸಿದ ರಾಗಿ ಹಿಟ್ಟು ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಕೇಳಬೇಕಾದ ಪ್ರಶ್ನೆ ‘ಏನು ತಿನ್ನಬಾರದು’ ಎಂದಲ್ಲ. ಮುದ್ದೆ ಎಷ್ಟು ದಪ್ಪ ಇರಲಿ, ಸಾರಿನಲ್ಲಿ ಕಾಳು ಸೊಪ್ಪು ಎಷ್ಟಿರಲಿ, ಮೇಲೆ ಅನ್ನ ಬೇಕೇ ಎಂದು.

ಆಸ್ಪಿರಿನ್ ವಿಷಯ ಚುಟುಕಾಗಿ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು; ತಾವಾಗಿ ನಿಲ್ಲಿಸಬಾರದು, ಹಲ್ಲು ಕೀಳಿಸುವುದಕ್ಕೂ ಕೂಡ ಕೇಳದೆ ನಿಲ್ಲಿಸಬಾರದು. ಏನೂ ಆಗಿರದವರು ಹೆದರಿಕೆಯಿಂದ ದಿನಾ ಎಕೋಸ್ಪ್ರಿನ್ ಎಂಬ ಆಸ್ಪಿರಿನ್ ನುಂಗುವುದಕ್ಕೆ ಮಾತ್ರ ಆಧಾರವಿಲ್ಲ. 2018ರಲ್ಲಿ ಪ್ರಕಟವಾದ ‘ಆಸ್ಪ್ರೀ’ ಎಂಬ ಅಧ್ಯಯನದಲ್ಲಿ 19,114 ಹಿರಿಯರನ್ನು ನೋಡಿದಾಗ ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಿತು. ಕೊಲೆಸ್ಟರಾಲ್ ಮಾತ್ರೆ ಬೇಕೇ ಎಂದು ಅಪಾಯದ ಲೆಕ್ಕ ಹಾಕುವಾಗ ನಮ್ಮವರ ಅಂಕ ಸ್ವಲ್ಪ ಬೇರೆ. ‘ಇಂಟರ್‌ಹಾರ್ಟ್’ ಎಂಬ 52 ದೇಶಗಳ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53. ಉಳಿದವರಿಗಿಂತ ಐದಾರು ವರ್ಷ ಮುಂಚೆ. ಆದ್ದರಿಂದ ಬಿಳಿಯರ ಲೆಕ್ಕದಲ್ಲಿ ‘ಅಪಾಯ ಕಡಿಮೆ’ ಎಂದು ಬಂದರೂ, ಅಪ್ಪನಿಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತ ಆಗಿದ್ದರೆ ಅದನ್ನು ವೈದ್ಯರಿಗೆ ಒತ್ತಿ ಹೇಳಿ.

ಮೂರು ನಿಮಿಷದಲ್ಲಿ ಹೇಳುವುದು ಹೇಗೆ

ಇದೆಲ್ಲ ಸರಿ, ಹಾಸನದ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರ ಮುಂದೆ ಕೂರಲು ಸಿಗುವುದೇ ಮೂರ್ನಾಲ್ಕು ನಿಮಿಷ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಅದಕ್ಕೇ ಕೆಲಸವನ್ನು ಮನೆಯಲ್ಲಿ ಮಾಡಿಕೊಂಡು ಹೋಗಬೇಕು.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಎಲ್ಲ ಮನೆಯಲ್ಲೂ ಇದೆ. ವೈದ್ಯರ ಭೇಟಿಗೆ ಮುಂಚಿನ ಒಂದು ವಾರ ಅದರ ಚೌಕಗಳಲ್ಲೇ ಬಿಪಿ ಬರೆಯಿರಿ, ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತು, ತೋಳನ್ನು ಎದೆಮಟ್ಟದ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಸಲ ನೋಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ದಾಟಿದರೆ ಹೆಚ್ಚು ಎಂದು ಲೆಕ್ಕ. ಆಸ್ಪತ್ರೆಯಲ್ಲಿ 160 ಬಂದು ಮನೆಯಲ್ಲಿ 125 ಇರುವವರೂ ಇದ್ದಾರೆ, ಬಿಳಿ ಕೋಟು ನೋಡಿದರೆ ಏರುತ್ತದೆ. ಅಂಥವರಿಗೆ ಆಸ್ಪತ್ರೆಯ ಸಂಖ್ಯೆ ನೋಡಿ ಡೋಸ್ ಏರಿಸಿದರೆ ಮನೆಯಲ್ಲಿ ತಲೆ ತಿರುಗುತ್ತದೆ. ಆ ತಿಂಗಳ ಹಾಳೆಯ ಫೋಟೊ ತೆಗೆದು ತೋರಿಸಿ.

ಮಾತ್ರೆಗಳ ಹೆಸರು ಬಾಯಲ್ಲಿ ಹೇಳುವುದು ಬೇಡ, ‘ಬಿಳೀದು ಅರ್ಧ, ಕೆಂಪ್ದು ಒಂದು’ ಎಂದರೆ ಯಾರಿಗೂ ತಿಳಿಯದು. ನಾಟಿ ಔಷಧ, ಆಯುರ್ವೇದದ ಪುಡಿ, ನೋವಿನ ಮಾತ್ರೆ ಸೇರಿದಂತೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ನಡುವೆ ಬಿಟ್ಟ ಮಾತ್ರೆಯನ್ನೂ ಹೇಳಿ. ‘ತಗೊಂಡ್ರೆ ಕಾಲು ಊದುತ್ತೆ ಸಾ, ಅದಕ್ಕೇ ಬಿಟ್ಟೆ’ ಎಂಬ ಮಾತು ಅಮ್ಲೊಡಿಪಿನ್ ಬದಲಿಸಲು ಸಾಕಾದ ಕಾರಣ. ಹೇಳದಿದ್ದರೆ ‘ಮಾತ್ರೆ ಕೆಲಸ ಮಾಡ್ತಿಲ್ಲ’ ಎಂದು ಅದರದೇ ಡೋಸ್ ದುಪ್ಪಟ್ಟಾಗುತ್ತದೆ. ಕೊಳ್ಳಲು ದುಡ್ಡಿಲ್ಲದೆ ಬಿಟ್ಟಿದ್ದರೆ ಅದನ್ನೂ ಹೇಳಬೇಕು, ನಾಚಿಕೆ ಬೇಡ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಒಂದೇ ಪ್ರಶ್ನೆ: ‘ಡಾಕ್ಟ್ರೇ, ಎಲ್ರಿಗೂ ಕೊಡೋದು ಇದೇನಾ, ಇಲ್ಲ ನಮ್ಮಪ್ಪಂಗೆ ಅಂತ ಬೇರೆ ಬರೆದಿದ್ದೀರಾ?’ ಎಲ್ಲರಿಗೂ ಇದೇ ಎಂದರೆ ‘ಇವ್ರಿಗೆ ಕಿಡ್ನಿ ಸ್ವಲ್ಪ ವೀಕು, ಆದ್ರೂ ಸರಿನಾ’ ಎಂದು ಕೇಳಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ನೇ ಕಿಡ್ನಿಯ ಲೆಕ್ಕ ಒಂದು ಮಟ್ಟಕ್ಕಿಂತ ಇಳಿದರೆ ಕಡಿಮೆ ಮಾಡಬೇಕು, ಇನ್ನೂ ಇಳಿದರೆ ನಿಲ್ಲಿಸಬೇಕು. ಬೇರೆ ಬರೆದಿದ್ದೇನೆ ಎಂದರೆ ಯಾಕೆಂದು ಕೇಳಿ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಉತ್ತರ ಎರಡು ವಾಕ್ಯದಲ್ಲಿ ಬರುತ್ತದೆ: ‘ವಯಸ್ಸು 82, ಹೋದ್ಸಲ ಬಿದ್ದಿದ್ರು, ಅದಕ್ಕೇ ಗುರಿ 150.’ ಕಾರಣ ರೋಗಿಯ ದೇಹದಿಂದಲೋ ಬದುಕಿನಿಂದಲೋ ಬಂದಿದ್ದರೆ ಅದು ನಿಜವಾದ ವಿನಾಯಿತಿ. ‘ನಂಗೆ ಅನುಭವ ಇದೆ, ನೀವು ಕೇಳ್ಬೇಡಿ’ ಎಂದರೆ, ಅಥವಾ ಲಕ್ಷಣವೇ ಇಲ್ಲದವರಿಗೆ ಪ್ಯಾಕೇಜಿನ ಹೆಸರಿನಲ್ಲಿ ಎಲ್ಲ ಸ್ಕ್ಯಾನಿಂಗ್ ಒಟ್ಟಿಗೆ ಬರೆದರೆ, ಇನ್ನೊಬ್ಬರ ಅಭಿಪ್ರಾಯ ಕೇಳುವ ಹೊತ್ತು ಬಂದಿದೆ ಎಂದು ತಿಳಿಯಿರಿ.

ಆ ಕಾರಣವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಹೊಳೆನರಸೀಪುರದಲ್ಲಿ ಒಬ್ಬರು ಯೋಚಿಸಿ ಇಳಿಸಿದ ಡೋಸನ್ನು ಹಾಸನದಲ್ಲಿ ಇನ್ನೊಬ್ಬರು ಕಾರಣ ಗೊತ್ತಿಲ್ಲದೆ ಮತ್ತೆ ಏರಿಸುವುದು ನಿತ್ಯ ನಡೆಯುತ್ತದೆ, ತಪ್ಪು ಇಬ್ಬರದೂ ಅಲ್ಲ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಡಿಸ್ಚಾರ್ಜ್ ಸಮರಿ, ಆಂಜಿಯೊಗ್ರಾಂ ಸಿ.ಡಿ., ಎಕೋ ವರದಿ ಬೇಕಾಗುತ್ತವೆ. ದಾಖಲೆ ಕೇಳಿ ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕಿನ ಸನ್ನದೂ ಇದೆ. ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡ ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.